ತಲೆ ಎಣಿಸುವ ಅತ್ತಿಗೆ

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಒಂದು ಪೆಟ್ಟಿಗೆಗೆ ಗಾಳಿ ಹಾಕುತ್ತಿದ್ದೆ.

ಕಸೂತಿಯ ಬಟ್ಟೆ ಹೊದ್ದುಕೊಂಡು ಅದು ನಮ್ಮ ಆಫೀಸಿನ ಮೂಲೆಯಲ್ಲಿ ಕೂತಿರುತ್ತಿತ್ತು. ಸದಾ ಗುಂಯ್ ಎನ್ನುವುದು, ಹಸಿರು ದೀಪ ಮಿಟುಕಿಸುವುದು, ಆಗಾಗ ಒಳಗಿಂದ ಟಕ್ ಎನ್ನುವುದು. ನಮ್ಮ ಕಸುಬು ಬೇರೆಯವರ ವೆಬ್‌ಸೈಟ್ ನೋಡಿಕೊಳ್ಳುವುದು. ಅಂಗಡಿಯವರು, ಹಲ್ಲಿನ ಡಾಕ್ಟರು, ಸಂಗೀತದ ಮೇಷ್ಟ್ರು ತಮ್ಮ ಸೈಟನ್ನು ತಾವೇ ನಡೆಸುತ್ತೇವೆಂದು ಹುಮ್ಮಸ್ಸಿನಿಂದ ಹೊರಡುತ್ತಾರೆ. ಅದು ಕೆಟ್ಟು ನಿಂತಾಗ ನಮಗೆ ಫೋನ್ ಮಾಡುತ್ತಾರೆ. ಆ ಸೈಟುಗಳೆಲ್ಲ ಸರ್ವರ್ ಎಂಬ ಯಂತ್ರದಲ್ಲಿ ಇರುತ್ತವೆ ಎಂದು ನಾನು ಡಿಪ್ಲೊಮಾದಲ್ಲಿ ಓದಿದ್ದೆ. ಓದಿದ್ದು ಕಣ್ಣೆದುರಿಗೇ ಇದೆ ಎಂದು ತೀರ್ಮಾನಿಸಿದವನು ಆ ಪೆಟ್ಟಿಗೆಯ ಹತ್ತಿರ ಜೋರಾಗಿ ಸೀನುತ್ತಲೂ ಇರಲಿಲ್ಲ. ಸೈಟು ನಿಧಾನವಾಗಿದೆ ಎಂದು ಯಾರಾದರೂ ದೂರಿದರೆ ನನ್ನ ಮೇಜಿನ ಫ್ಯಾನನ್ನು ಅತ್ತ ತಿರುಗಿಸಿ, ನಾನು ಬೆವರುತ್ತ ಕೂರುತ್ತಿದ್ದೆ.

ಒಂದು ದಿನ ಅತ್ತಿಗೆ ಕೇಳಿದರು. "ಅದಕ್ಯಾಕಪ್ಪಾ ಗಾಳಿ?"

"ಸರ್ವರ್ ಬಿಸಿಯಾಗಿದೆ ಅತ್ತಿಗೆ."

"ಅದು ಫ್ರಿಜ್ಜಿನ ಸ್ಟೆಬಿಲೈಜರು."

ನಾನು ಫ್ಯಾನನ್ನು ಮೆಲ್ಲಗೆ ನನ್ನ ಕಡೆ ತಿರುಗಿಸಿಕೊಂಡೆ. ಏನಾದರೂ ಹೇಳಬೇಕಲ್ಲ ಎಂದು, "ನಿಮಗೆ ಮೊದಲೇ ಗೊತ್ತಿತ್ತಾ?" ಎಂದೆ.

"ನೀನು ಬಂದ ವಾರವೇ ನೋಡ್ದೆ. ಅಷ್ಟು ಭಕ್ತಿಯಿಂದ ಮಾಡ್ತಿದ್ದೆ, ಹೇಳೋಕೆ ಮನಸ್ಸು ಬರಲಿಲ್ಲ. ಇರಲಿ ಬಿಡು, ಹಾಲು ಕೆಡದೆ ಉಳೀತು."

ಸರ್ವರ್ ಇರುವುದು ಎಲ್ಲೋ ದೂರದ ದೇಶದಲ್ಲಿ, ನಾವು ಅದರಲ್ಲಿ ಬಾಡಿಗೆಗೆ ಒಂದಿಷ್ಟು ಜಾಗ ಹಿಡಿದಿದ್ದೇವೆ ಅಷ್ಟೇ ಎಂದು ಆಮೇಲೆ ಅವರೇ ವಿವರಿಸಿದರು. ಅಂದಿನಿಂದ ಅವರ ಬಾಯಲ್ಲಿ ನನ್ನ ಹೆಸರು ಡಿಪ್ಲೊಮಾ.

ಅತ್ತಿಗೆ ನನಗೇನೂ ಸಂಬಂಧವಲ್ಲ. ಅವರು ನಮ್ಮ ಬಾಸ್‌ನ ಅಣ್ಣನ ಹೆಂಡತಿ. ಬಾಸ್ ಅತ್ತಿಗೆ ಎಂದು ಕರೆಯುವುದನ್ನು ಕೇಳಿ ಕೇಳಿ ನಾವೂ ಹಾಗೇ ಕರೆದೆವು, ನಮ್ಮನ್ನು ಕೇಳಿ ಗಿರಾಕಿಗಳೂ ಕಲಿತರು. ಒಮ್ಮೆ ಬ್ಯಾಂಕಿನಿಂದ ನಿವೃತ್ತರಾದ ಎಪ್ಪತ್ತು ದಾಟಿದ ಹಿರಿಯರೊಬ್ಬರು ಫೋನಿನಲ್ಲಿ, "ಅತ್ತಿಗೆಯವರು ಇದ್ದಾರಾ?" ಎಂದಾಗ, "ಇಷ್ಟು ದೊಡ್ಡ ಮೈದುನ ನನಗೆ ಯಾವಾಗ ಹುಟ್ಟಿದ?" ಎಂದು ಅತ್ತಿಗೆ ತಮ್ಮ ಮೇಜಿನಿಂದಲೇ ಕೂಗಿದ್ದರು.

ಅವರು ಈ ಕೆಲಸಕ್ಕೆ ಬಂದದ್ದು ಶಾಲೆಯ ವ್ಯಾನಿನಿಂದ. ಮಕ್ಕಳನ್ನು ಹತ್ತಿಸಿ, ಕೂರಿಸಿ, ಇಳಿಸಿ, ಮನೆಯವರ ಕೈಗೆ ಒಪ್ಪಿಸುವ ಆಯಾ ಆಗಿದ್ದರು. ವ್ಯಾನಿನ ಮಾಲೀಕನಿಗೆ ಯಾರೋ ಒಂದು ವೆಬ್‌ಸೈಟ್ ಮಾಡಿಕೊಟ್ಟಿದ್ದರು. ವ್ಯಾನು ಎಲ್ಲಿದೆ, ಎಷ್ಟು ತಡ ಎಂದು ತಂದೆ ತಾಯಿ ಅದರಲ್ಲಿ ನೋಡಬಹುದಿತ್ತು. ವಾರಕ್ಕೊಮ್ಮೆ ಅದು ಏನೂ ತೋರಿಸದೆ ಬೆಳ್ಳಗಾಗಿ ಕೂರುತ್ತಿತ್ತು. ಆಗ ಎಲ್ಲ ತಾಯಂದಿರೂ ಫೋನ್ ಮಾಡುತ್ತಿದ್ದದ್ದು ಆಯಾಗೆ. "ಅಷ್ಟು ಜನರ ಬಾಯಿಗೆ ಸಿಗೋದಕ್ಕಿಂತ ಅದನ್ನೇ ರಿಪೇರಿ ಮಾಡೋದು ಸುಲಭ ಅನ್ನಿಸ್ತು," ಎನ್ನುತ್ತಾರೆ. ತಡವರಿಸಿಕೊಂಡು ಓದಿದರು, ಗೊತ್ತಿಲ್ಲದ ಊರಿನ ಗೊತ್ತಿಲ್ಲದ ಜನರಿಗೆ ಪ್ರಶ್ನೆ ಬರೆದರು, ಎರಡು ಸಲ ಸೈಟನ್ನು ಪೂರ್ತಿ ಕೆಡಿಸಿದರು, ಕೊನೆಗೆ ಅದು ಮತ್ತೆ ಬೀಳದಂತೆ ನಿಲ್ಲಿಸಿದರು. ಬಾಸ್ ಈ ಆಫೀಸು ತೆರೆದಾಗ ಮೊದಲು ಕರೆದದ್ದು ಅವರನ್ನೇ.

ಇಲ್ಲಿಗೆ ಬಂದರೂ ವ್ಯಾನು ಅವರನ್ನು ಬಿಡಲಿಲ್ಲ. ಸೈಟಿಗೆ ಹೊರಗಿನಿಂದ ತಂದು ಸಿಕ್ಕಿಸುವ ಸಣ್ಣ ಸಣ್ಣ ಸಲಕರಣೆಗಳಿಗೆ ಪ್ಲಗಿನ್ ಎನ್ನುತ್ತಾರೆ. ಒಂದು ಹಣ ಪಡೆಯುತ್ತದೆ, ಒಂದು ಚಿತ್ರ ತೋರಿಸುತ್ತದೆ, ಒಂದು ಕಾವಲು ಕಾಯುತ್ತದೆ. ಅವುಗಳಲ್ಲಿ ಯಾವುದೋ ಎರಡಕ್ಕೆ ಪರಸ್ಪರ ಆಗಿಬರದಿದ್ದರೆ ಇಡೀ ಸೈಟು ಮುನಿಸಿಕೊಳ್ಳುತ್ತದೆ. ಆಗ ಅತ್ತಿಗೆ, "ಎಲ್ಲರನ್ನೂ ಇಳಿಸು," ಎನ್ನುತ್ತಾರೆ. ನಾನು ಎಲ್ಲ ಪ್ಲಗಿನ್‌ಗಳನ್ನೂ ನಿಲ್ಲಿಸುತ್ತೇನೆ. "ಈಗ ಒಬ್ಬೊಬ್ಬರನ್ನೇ ಹತ್ತಿಸು. ಅಳು ಶುರುವಾಯ್ತಾ? ಇಲ್ವಾ? ಮುಂದಿನವನು ಹತ್ತಲಿ." ಯಾವುದು ಹತ್ತಿದಾಗ ಸೈಟು ಬೀಳುತ್ತದೋ ಅದೇ ತಂಟೆಕೋರ.

ಇದಕ್ಕೂ ಮೊದಲು ಗಿರಾಕಿಗೆ ಒಂದು ಪ್ರಶ್ನೆ. "ಕೊನೆಗೆ ಏನು ಮಾಡಿದ್ರಿ?"

ಲೋಕದ ಗಿರಾಕಿಗಳೆಲ್ಲ ಕೊಡುವುದು ಒಂದೇ ಉತ್ತರ. "ಏನೂ ಮಾಡಿಲ್ಲ."

"ಸರಿ. ಏನೂ ಮಾಡದೇ ಇದ್ದಾಗ ಯಾವ ಬಟನ್ ಒತ್ತಿದ್ರಿ?"

ತಿಂಗಳ ಕೊನೆಗೆ ಎಲ್ಲ ಸೈಟುಗಳನ್ನೂ ತೆರೆದು, ಬೆರಳನ್ನು ಪರದೆಗೆ ತಾಗಿಸುತ್ತ, ಪ್ಲಗಿನ್‌ಗಳ ತಲೆ ಎಣಿಸುತ್ತಿದ್ದರು. ಒಂದು ಹೆಚ್ಚಾದರೂ ಕಡಿಮೆಯಾದರೂ ಆ ಗಿರಾಕಿಗೆ ಫೋನು ಹೋಗುತ್ತಿತ್ತು. "ಹತ್ತಿದಷ್ಟೇ ಇಳೀಬೇಕು," ಎನ್ನುವುದು ಅವರ ನಿಯಮ. ಅದನ್ನು ನಾನು ಗೆಳೆಯರ ಮುಂದೆ ನಕಲು ಮಾಡಿ ನಗಿಸುತ್ತಿದ್ದೆ.

ಆ ಬುಧವಾರ ಬೆಳಿಗ್ಗೆ ಫೋನ್ ಮಾಡಿದವರು ಬಾಬಿನ್ ಮಾಮ.

ಹಳೆಯ ಹೊಲಿಗೆ ಯಂತ್ರಗಳ ಬಿಡಿಭಾಗಗಳ ವ್ಯಾಪಾರ ಅವರದ್ದು. ಈಗ ಯಾರೂ ತಯಾರಿಸದ ಯಂತ್ರಗಳ ಸೂಜಿಪಟ್ಟಿ, ಹಲ್ಲುಚಕ್ರ, ಬಾಬಿನ್ ಡಬ್ಬಿ ಬೇಕೆಂದರೆ ದರ್ಜಿಗಳೆಲ್ಲ ಅವರನ್ನೇ ಹುಡುಕಿಕೊಂಡು ಬರಬೇಕು. ಕಟ್ಟಡ ಕೆಡವುತ್ತಾರೆಂದು ಅಂಗಡಿ ಬಿಟ್ಟುಕೊಟ್ಟ ಮೇಲೆ ಅವರ ಪಾಲಿಗೆ ವೆಬ್‌ಸೈಟೇ ಅಂಗಡಿ. ಒಂದೊಂದು ಭಾಗವನ್ನೂ ಹೆಂಡತಿಯ ಬಿಳಿ ದಿಂಬಿನ ಚೀಲದ ಮೇಲಿಟ್ಟು ಫೋಟೊ ತೆಗೆದು, ಇದು ಯಾವ ಯಂತ್ರಕ್ಕೆ ಕೂರುತ್ತದೆ, ಯಾವುದಕ್ಕೆ ಸ್ವಲ್ಪ ಉಜ್ಜಿದರೆ ಕೂರುತ್ತದೆ ಎಂದು ಕೆಳಗೆ ಬರೆದಿದ್ದರು. ವರ್ಷಗಟ್ಟಲೆ ನಡೆದ ಕೆಲಸ. ಅದೆಲ್ಲ ಬೇರೆಲ್ಲೂ ಇರಲಿಲ್ಲ, ಆ ಸೈಟಿನಲ್ಲಿ ಮಾತ್ರ ಇತ್ತು.

"ಗಿರಾಕಿಯೊಬ್ಬಳು ಫೋನ್ ಮಾಡಿ ಬೈದಳಪ್ಪಾ," ಎಂದರು. "ಜೂಜಿನ ಅಡ್ಡೆ ಯಾವಾಗ ಶುರು ಮಾಡಿದ್ರಿ ಅಂತಾಳೆ. ನಾನು ನೋಡಿದ್ರೆ ಸೈಟು ಚೆನ್ನಾಗೇ ಇದೆ."

ನಾನೂ ನೋಡಿದೆ. ಚೆನ್ನಾಗೇ ಇತ್ತು. ಆ ಗಿರಾಕಿಯ ಫೋನೇ ಕೆಟ್ಟಿರಬೇಕು ಎಂದು ಗಾಂಭೀರ್ಯದಿಂದ ರೋಗ ಹೇಳಿದೆ.

ಅತ್ತಿಗೆ ತಮ್ಮ ಮೊಬೈಲ್ ತೆಗೆದು, ವಿಳಾಸ ಬರೆಯದೆ, ಗಿರಾಕಿಗಳು ಮಾಡುವಂತೆ 'ಹಳೇ ಮೆಷಿನ್ ಬಾಬಿನ್ ಡಬ್ಬಿ' ಎಂದು ಹುಡುಕಿ, ಬಂದ ಸಾಲನ್ನು ಒತ್ತಿದರು. ಪರದೆಯ ತುಂಬ ದಾಳಗಳು ಕುಣಿಯತೊಡಗಿದವು.

"ಮಾಲೀಕ ನೇರವಾಗಿ ಬಂದ್ರೆ ಸುಮ್ನಿರುತ್ತೆ," ಎಂದರು. "ಹುಡುಕಿಕೊಂಡು ಬಂದ ಗಿರಾಕಿಯನ್ನ ಮಾತ್ರ ಎತ್ಕೊಂಡು ಹೋಗುತ್ತೆ. ಒಳಗೆ ಯಾರೋ ಸೇರ್ಕೊಂಡಿದ್ದಾರೆ ಡಿಪ್ಲೊಮಾ."

ಮಧ್ಯಾಹ್ನದ ಹೊತ್ತಿಗೆ ಸರ್ವರ್ ಬಾಡಿಗೆಗೆ ಕೊಟ್ಟ ಕಂಪನಿಗೂ ಸುದ್ದಿ ಮುಟ್ಟಿ, ಅವರು ಸೈಟನ್ನೇ ಮುಚ್ಚಿದರು. ಭಾನುವಾರದೊಳಗೆ ಶುಚಿ ಮಾಡದಿದ್ದರೆ ಎಲ್ಲವನ್ನೂ ಅಳಿಸುತ್ತೇವೆ ಎಂದರು.

"ಬ್ಯಾಕಪ್ ಇದೆಯಲ್ಲ," ಎಂದೆ ನಾನು. ಪ್ರತಿದಿನ ತಾನಾಗಿಯೇ ಇಡೀ ಸೈಟಿನ ನಕಲು ತೆಗೆದಿಡುವ ಪ್ಲಗಿನ್ ಅಲ್ಲಿತ್ತು.

"ನಕಲು ಎಲ್ಲಿಡುತ್ತೆ?"

ನೋಡಿದೆ. ಅದೇ ಸರ್ವರಿನಲ್ಲಿ ಇಡುತ್ತಿತ್ತು. ಮನೆಯ ಇನ್ನೊಂದು ಬೀಗದ ಕೈಯನ್ನು ಜೋಪಾನವಾಗಿ ಮನೆಯೊಳಗೇ ಇಟ್ಟು ಬಾಗಿಲು ಎಳೆದುಕೊಂಡ ಹಾಗೆ. ಅದೂ ಅಲ್ಲದೆ, ಇದ್ದ ನಕಲುಗಳಲ್ಲೆಲ್ಲ ಆ ದಾಳ ಕುಣಿಸುವವನೂ ಸೇರಿಕೊಂಡಿದ್ದ. ಅತ್ತಿಗೆಯ ಡ್ರಾಯರಿನಲ್ಲಿ ಒಂದು ನಕಲು ಸಿಕ್ಕಿತು. ಅದು ಕಳೆದ ವರ್ಷದ್ದು. ಅದಾದ ಮೇಲೆ ಬಾಬಿನ್ ಮಾಮ ಸೇರಿಸಿದ ಭಾಗಗಳೇ ಅರ್ಧಕ್ಕರ್ಧ.

ಬಾಸ್ ಬಂದು ಕುರ್ಚಿಯ ಹಿಂದೆ ನಿಂತರು. "ಅತ್ತಿಗೆ, ಆಗುತ್ತಾ?"

"ಆಗುತ್ತೆ. ನೀನು ಹಿಂದೆ ನಿಂತು ಉಸಿರು ಬಿಡಬೇಡ."

ಹಳೆಯ ಸೈಟನ್ನು ಸರಿಮಾಡುವ ಗೋಜಿಗೇ ಹೋಗುವುದಿಲ್ಲ ಎಂದು ಅವರು ತೀರ್ಮಾನಿಸಿದರು. ಬರಹ ಮತ್ತು ಫೋಟೊ ಮಾತ್ರ ಹೊರಗೆ ತೆಗೆದು, ತೊಳೆದು, ಉಳಿದದ್ದನ್ನೆಲ್ಲ ಬಿಸಾಕಿ, ಹೊಸದಾಗಿ ಮನೆ ಕಟ್ಟಿ ಒಳಗಿಡುವುದು. ಆದರೆ ಕಳ್ಳ ಎಲ್ಲಿಂದ ಬಂದ ಎಂದು ತಿಳಿಯದೆ ಹೊಸ ಮನೆ ಕಟ್ಟಿದರೆ ಅವನು ಗೃಹಪ್ರವೇಶಕ್ಕೇ ಬರುತ್ತಾನೆ. ಹಾಗಾಗಿ ಪ್ರತಿಯೊಂದು ಪ್ಲಗಿನ್‌ನ ಹೊಸ ಪ್ರತಿಯನ್ನು ಅದನ್ನು ಮಾಡಿದವರ ಹತ್ತಿರದಿಂದಲೇ ತರಿಸಿ, ನಮ್ಮದರ ಪಕ್ಕದಲ್ಲಿಟ್ಟು ಹೋಲಿಸತೊಡಗಿದೆವು. ನಾನು ಓದುವುದು, ಅತ್ತಿಗೆ ಹೂಂಗುಟ್ಟುವುದು.

ಗುರುವಾರ ಊಟಕ್ಕೆ ಮೊದಲು ಸಿಕ್ಕಿತು. ಯಂತ್ರದ ಮಾದರಿ ಆರಿಸಿದರೆ ಅದಕ್ಕೆ ಹೊಂದುವ ಭಾಗಗಳನ್ನಷ್ಟೇ ತೋರಿಸುವ ಪ್ಲಗಿನ್ ಅದು. ಹಣ ಕೊಟ್ಟು ಪಡೆಯಬೇಕಾದದ್ದು. ನಮ್ಮದರ ಹೆಸರು ಅದೇ, ಚಿತ್ರ ಅದೇ, ಒಳಗೆ ಮಾತ್ರ ಒಂದು ಪುಟ್ಟ ಕಡತ ಹೆಚ್ಚಿಗೆ ಇತ್ತು. ಹಣ ಕೊಡದೆ ಎಲ್ಲಿಂದಲೋ ಇಳಿಸಿಕೊಂಡ ಕಳ್ಳ ಪ್ರತಿ. ಅಸಲಿಯನ್ನು ತೆಗೆದು ಅದರ ಜಾಗದಲ್ಲಿ ಇದನ್ನು ಕೂರಿಸಿ ಐದು ತಿಂಗಳಾಗಿತ್ತು.

ಆ ಐದೂ ತಿಂಗಳುಗಳ ಕೊನೆಯಲ್ಲಿ ಅತ್ತಿಗೆ ಆ ಸೈಟು ತೆರೆದು ಬೆರಳು ಓಡಿಸಿದ್ದರು. ಒಂದು ಹೋಗಿ ಒಂದು ಬಂದಿತ್ತು. ಲೆಕ್ಕ ಸರಿಯಾಗಿಯೇ ಇತ್ತು.

ಅವರು ಎದ್ದು ಹೋಗಿ ಕಿಟಕಿಯ ಬಳಿ ನೀರು ಕುಡಿದರು. ಲೋಟ ಖಾಲಿಯಾದ ಮೇಲೂ ಕೈಯಲ್ಲೇ ಹಿಡಿದುಕೊಂಡು ನಿಂತಿದ್ದರು.

"ತಲೆ ಎಣಿಸಿದೆ ಡಿಪ್ಲೊಮಾ. ಮುಖ ನೋಡ್ಲಿಲ್ಲ."

ನನಗೆ ಸಮಾಧಾನ ಹೇಳಲು ಬರುವುದಿಲ್ಲ. ಬಂದರೂ ತಪ್ಪು ಸಮಯಕ್ಕೆ ಬರುತ್ತದೆ.

"ವ್ಯಾನಲ್ಲೂ ಒಂದ್ಸಲ ಹೀಗೇ ಆಗಿತ್ತು," ಎಂದರು. "ಲೆಕ್ಕ ಸರಿ ಇದೆ ಅಂತ ಬಾಗಿಲು ಹಾಕಿಸಿದೆ. ನೋಡಿದ್ರೆ ಬೇರೆ ವ್ಯಾನಿನ ಹುಡುಗ ನಮ್ಮಲ್ಲಿ ನಿದ್ದೆ ಹೊಡೀತಿದ್ದಾನೆ. ನಮ್ಮವನು ಗೇಟಲ್ಲಿ ಅಳ್ತಾ ನಿಂತಿದ್ದಾನೆ."

"ಹಾಗಿದ್ರೆ ಆಗಲೇ ಕಲೀಬೇಕಿತ್ತಲ್ಲ ಅತ್ತಿಗೆ?" ಹೇಳಿದೆನಲ್ಲ, ತಪ್ಪು ಸಮಯಕ್ಕೆ ಬರುತ್ತದೆ ಎಂದು.

"ಕಲಿತಿದ್ದೆ. ಮಕ್ಕಳ ವಿಷಯದಲ್ಲಿ."

ಅಷ್ಟರಲ್ಲಿ ಬಾಬಿನ್ ಮಾಮನ ಅಳಿಯ ಬಂದ. ಮಾವನ ಮನೆಯಲ್ಲೇ ಇರುವ ಅಳಿಯ. ಬಿಡಿಭಾಗಗಳನ್ನು ಕಟ್ಟಿ ಕಳಿಸುವುದು, ಸೈಟಿನಲ್ಲಿ ಫೋಟೊ ಏರಿಸುವುದು ಅವನ ಕೆಲಸ. ಸಹಾಯ ಮಾಡಿ ಬಾ ಎಂದು ಮಾವ ಕಳಿಸಿದ್ದರಂತೆ. ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕುರ್ಚಿಯ ಅಂಚಿನಲ್ಲಿ ಕೂತ.

"ಕೊನೆಗೆ ಏನು ಮಾಡಿದ್ರಿ?" ಎಂದರು ಅತ್ತಿಗೆ.

"ಏನೂ ಮಾಡಿಲ್ಲ."

"ಏನೂ ಮಾಡದೇ ಇದ್ದಾಗ ಇದನ್ನ ಎಲ್ಲಿಂದ ಡೌನ್‌ಲೋಡ್ ಮಾಡಿದ್ರಿ?"

ಅವನು ಹೆಲ್ಮೆಟ್ಟಿನ ಪಟ್ಟಿಯನ್ನು ಬಿಚ್ಚಿದ, ಹಾಕಿದ. ಆಮೇಲೆ ಎಲ್ಲ ಹೊರಗೆ ಬಂತು. ಆ ಪ್ಲಗಿನ್‌ನ ಅವಧಿ ಮುಗಿದು ಅದು ನಿಂತುಹೋಗಿತ್ತು. ಇನ್ನೊಂದು ವರ್ಷಕ್ಕೆ ಕಟ್ಟೋಣವೆಂದು ಮಾವನನ್ನು ಕೇಳಿದ್ದ. ಒಂದು ಸಲ ಕೊಂಡ ಕತ್ತರಿಗೆ ವರ್ಷವರ್ಷವೂ ಬಾಡಿಗೆ ಕಟ್ಟುತ್ತಾರೇನಯ್ಯಾ ಎಂದು ಅವರು ತಳ್ಳಿಹಾಕಿಬಿಟ್ಟಿದ್ದರು. ಇತ್ತ ದರ್ಜಿಗಳು ತಮ್ಮ ಯಂತ್ರಕ್ಕೆ ಯಾವ ಭಾಗ ಎಂದು ತಿಳಿಯದೆ ತಪ್ಪು ತಪ್ಪಾಗಿ ತರಿಸಿ ವಾಪಸು ಕಳಿಸುತ್ತಿದ್ದರು. ಪುಕ್ಕಟೆ ಸಿಗುತ್ತದೆಂದು ಎಲ್ಲೋ ನೋಡಿದ, ಹಾಕಿದ. ಅಂದಿನಿಂದ ಎಲ್ಲ ಸರಿಹೋಗಿತ್ತು. ಮಾವ ಬೆನ್ನು ತಟ್ಟಿದ್ದರಂತೆ.

"ಮಾವನಿಗೆ ಹೇಳ್ಬೇಡಿ ಅತ್ತಿಗೆ. ಮೊದಲೇ ನನ್ನ ಕೈಗೆ ಸೂಜಿ ಕೊಡೋಕೂ ಯೋಚನೆ ಮಾಡ್ತಾರೆ."

"ನಾನಾಗಿ ಹೇಳಲ್ಲ," ಎಂದರು ಅತ್ತಿಗೆ. "ಕೇಳಿದ್ರೆ ಸುಳ್ಳೂ ಹೇಳಲ್ಲ. ಈಗ ಹೆಲ್ಮೆಟ್ ಕೆಳಗಿಡಿ. ಕೆಲಸ ಇದೆ."

ಕೆಲಸ ನಿಜಕ್ಕೂ ಬೆಟ್ಟದಷ್ಟಿತ್ತು. ಕಳ್ಳರು ಬರಹಗಳ ನಡುವೆ ತಮ್ಮ ಕಸವನ್ನು ತುರುಕಿದ್ದರು. ಯಾವುದು ಮಾಮನ ಮಾತು, ಯಾವುದು ಅವರದ್ದು ಎಂದು ಬೇರೆ ಮಾಡಬೇಕಿತ್ತು. ಅಂದೂ ಮರುದಿನವೂ ಅಳಿಯ ನನ್ನ ಪಕ್ಕದಲ್ಲೇ ಕೂತು ಒಂದೊಂದೇ ಸಾಲು ಓದಿದ. ಸ್ವಲ್ಪ ಉಜ್ಜಿದರೆ ಕೂರುತ್ತದೆ ಎಂದಿದ್ದರೆ ಉಳಿಸುವುದು, ಅದೃಷ್ಟ ಪರೀಕ್ಷಿಸಿ ಎಂದಿದ್ದರೆ ಅಳಿಸುವುದು. ದಿಂಬಿನ ಚೀಲದ ಫೋಟೊಗಳ ನಡುವೆ ಫೋಟೊದ ವೇಷ ಹಾಕಿದ ಎರಡು ಕಡತ ಸಿಕ್ಕವು. ತೆರೆದರೆ ಚಿತ್ರವೇ ಇಲ್ಲ, ಒಳಗೆಲ್ಲ ಬರೀ ಆಜ್ಞೆಗಳು. ಅವನ್ನು ಹಿಡಿದವನು ನಾನು. ಇಡೀ ವಾರದಲ್ಲಿ ನಾನು ಮಾಡಿದ ಒಂದೇ ಒಳ್ಳೆಯ ಕೆಲಸವಾದ್ದರಿಂದ ಇಲ್ಲಿ ಹೇಳುತ್ತಿದ್ದೇನೆ.

ಅತ್ತಿಗೆ ಸೈಟಿನ ಒಳಗೆ ಹೋಗುವ ಅಧಿಕಾರ ಇರುವವರನ್ನು ನೋಡುತ್ತಿದ್ದರು. ಹೊರಗಿನ ಪುಟದಲ್ಲಿ ಮಾಮ, ಅಳಿಯ, ಅತ್ತಿಗೆ ಮೂವರೇ ಕಾಣುತ್ತಿದ್ದರು. ಸೈಟಿನ ಮಾಹಿತಿಯೆಲ್ಲ ಕೂಡಿಟ್ಟಿರುವ ತಳದ ಉಗ್ರಾಣಕ್ಕೆ ಇಳಿದು ನೋಡಿದರೆ ಅಲ್ಲಿ ನಾಲ್ಕನೆಯವನಿದ್ದ, ತನ್ನ ಹೆಸರು ಹೊರಗೆ ಕಾಣದಂತೆ ಮಾಡಿಕೊಂಡು ಕೂತಿದ್ದ. ಅತ್ತಿಗೆ ಅವನ ಹೆಸರನ್ನು ಎರಡು ಸಲ ಜೋರಾಗಿ ಓದಿದರು, ಅವನು ಯಾವಾಗ ಬಂದ, ಏನೇನು ಮುಟ್ಟಿದ ಎಂದು ನೋಡಿದರು, ಆಮೇಲೆ ಅಳಿಸಿದರು. ಈಗೀಗ ಅವರ ತಿಂಗಳ ಕೊನೆಯ ಕೆಲಸಕ್ಕೆ ಇಡೀ ದಿನ ಹಿಡಿಯುತ್ತದೆ. ಒಂದೊಂದು ಪ್ಲಗಿನ್ ಎಲ್ಲಿಂದ ಬಂತು, ಯಾವಾಗ ಬದಲಾಯಿತು ಎಂದು ತೆರೆದು ನೋಡಿಯೇ ಮುಂದೆ ಹೋಗುವುದು. ನಕಲುಗಳೂ ಈಗ ಬೇರೆ ಕಡೆ ಹೋಗಿ ಕೂರುತ್ತವೆ.

ಶನಿವಾರ ಮಧ್ಯಾಹ್ನ ಹೊಸ ಸೈಟು ಎದ್ದು ನಿಂತಿತು. ಕಂಪನಿಯವರು ತಪಾಸಣೆ ಮಾಡಿ ಬಾಗಿಲು ತೆಗೆದರು. ಈ ಸೈಟು ಅಪಾಯಕಾರಿ ಎಂದು ಹುಡುಕಿದವರಿಗೆ ಕಾಣುತ್ತಿದ್ದ ಕೆಂಪು ಎಚ್ಚರಿಕೆ ಮಾತ್ರ ಹೋಗಲು ಇನ್ನೆರಡು ದಿನ ಬೇಕಾಯಿತು. ಆ ಎರಡು ದಿನ ಬಾಬಿನ್ ಮಾಮ ಗಂಟೆಗೊಮ್ಮೆ ಫೋನ್ ಮಾಡಿ, "ಇನ್ನೂ ಕೆಂಪೇ ಇದೆ," ಎನ್ನುತ್ತಿದ್ದರು. "ಒತ್ತಿ ಒತ್ತಿ ನೋಡಿದ್ರೆ ಕಾಯಿ ಬೇಗ ಹಣ್ಣಾಗಲ್ಲ ಮಾಮ," ಎಂದು ಅತ್ತಿಗೆ ಫೋನ್ ಇಡುತ್ತಿದ್ದರು. ಸೋಮವಾರ ಸಂಜೆ ಅವರ ಫೋನು ಬರಲಿಲ್ಲ. ನಾವೇ ನೋಡಿದೆವು. ಕೆಂಪು ಹೋಗಿತ್ತು. ಮಾಮ ಗಿರಾಕಿಗಳಿಗೆ ಉತ್ತರ ಕೊಡುವುದರಲ್ಲಿದ್ದರು.

ಮಾರನೆಯ ದಿನ ಹೊಸ ಪಾಸ್‌ವರ್ಡ್ ಹಾಕಿಕೊಟ್ಟು, ಒಳಗೆ ಹೋಗುವಾಗ ಮೊಬೈಲಿಗೆ ಬರುವ ಅಂಕಿಯನ್ನೂ ಕೇಳುವಂತೆ ಮಾಡಿಕೊಡಲು ಅವರ ಮನೆಗೆ ಹೋಗಬೇಕಿತ್ತು. ಹೊರಡುವಾಗ ಬಾಸ್ ಮೆಟ್ಟಿಲವರೆಗೆ ಬಂದರು.

"ಅತ್ತಿಗೆ, ನಾವು ಐದು ತಿಂಗಳು ಗಮನಿಸಲಿಲ್ಲ ಅನ್ನೋದನ್ನೆಲ್ಲ ಅಲ್ಲಿ ಹೇಳ್ಬೇಡಿ. ಗಿರಾಕಿ ಕೈತಪ್ಪಿ ಹೋಗ್ತಾರೆ. ಅವರೊಬ್ಬರು ಹೋದ್ರೆ ಅವರ ಹಿಂದೆ ಹತ್ತು ಜನ."

"ಕೇಳದೆ ನಾನ್ಯಾಕೆ ಹೇಳ್ಲಿ," ಎಂದರು ಅತ್ತಿಗೆ. ಬಾಸ್‌ಗೆ ಅಷ್ಟರಿಂದ ಸಮಾಧಾನವಾದಂತೆ ಕಾಣಲಿಲ್ಲ.

ಮಾಮನ ಮನೆಯ ಮುಂದಿನ ಕೋಣೆಯ ತುಂಬ ಪುಟ್ಟ ಪುಟ್ಟ ಡ್ರಾಯರುಗಳು, ಒಂದೊಂದರ ಮೇಲೂ ಒಳಗಿರುವ ಭಾಗವನ್ನೇ ದಾರದಿಂದ ಕಟ್ಟಿ ತೂಗುಬಿಟ್ಟಿದ್ದರು. ಯಂತ್ರದೆಣ್ಣೆಯ ವಾಸನೆ. ಅಳಿಯ ನೆಲದ ಮೇಲೆ ಕೂತು ಪೊಟ್ಟಣ ಕಟ್ಟುತ್ತಿದ್ದ, ಮಗಳು ವಿಳಾಸ ಅಂಟಿಸುತ್ತಿದ್ದಳು. ಮಾಮನ ಹೆಂಡತಿ ನಮಗೆ ಚಹಾ ಕೊಟ್ಟು, "ಇನ್ನಾದ್ರೂ ನನ್ನ ದಿಂಬಿನ ಚೀಲ ಕೊಡ್ತಾರಾ ಕೇಳಿ," ಎಂದರು.

"ಒಂದು ತಪ್ಪೂ ಇಲ್ಲ," ಎಂದರು ಮಾಮ ಪರದೆಯನ್ನೇ ನೋಡುತ್ತ. "ಎಲ್ಲ ನಾನು ಬರೆದ ಹಾಗೇ ಇದೆ."

ಅತ್ತಿಗೆ ಅವರ ಮೊಬೈಲ್ ಇಸಿದುಕೊಂಡು ಹೊಸ ಬೀಗ ಜೋಡಿಸಿದರು, ಮೂರು ಸಲ ಅವರಿಂದಲೇ ತೆಗೆಸಿ ಹಾಕಿಸಿದರು. ಮೂರನೆಯ ಸಲ ಮಾಮನಿಗೆ ಬಂತು. ಅದೇ ಖುಷಿಯಲ್ಲಿ ಕನ್ನಡಕ ತೆಗೆದು ಒರೆಸುತ್ತ ಅವರು ಕೇಳಿದರು.

"ಅತ್ತಿಗೆ, ಒಂದು ಮಾತು. ಯಾವುದೋ ಕಳ್ಳ ಪ್ಲಗಿನ್‌ನಿಂದ ಒಳಗೆ ಬಂದ್ರು ಅಂತ ನಿಮ್ಮ ಹುಡುಗ ಫೋನಲ್ಲಿ ಹೇಳ್ದ. ಅದು ತಾನಾಗಿ ನಡ್ಕೊಂಡು ಬಂದಿರಲ್ಲ." ಕನ್ನಡಕ ಹಾಕಿಕೊಂಡರು. "ಹಾಕಿದ್ದು ನಮ್ಮ ಅಳಿಯನೇ ತಾನೇ?"

ನಿಮ್ಮ ಹುಡುಗ ಎಂದರೆ ನಾನು. ಚಹಾದ ಲೋಟದೊಳಗೆ ಇಳಿದುಬಿಡುವಷ್ಟು ಸಣ್ಣವನಾದೆ. ಪೊಟ್ಟಣ ಕಟ್ಟುವ ಸದ್ದು ನಿಂತಿತು. ಮಗಳು ಗಂಡನ ಮುಖ ನೋಡಿದಳು, ಗಂಡ ದಾರದ ಉಂಡೆ ನೋಡಿದ.

ಅತ್ತಿಗೆ ಮೊಬೈಲನ್ನು ಮಾಮನ ಮುಂದೆ ಇಟ್ಟರು.

"ಹೌದು, ಅವರೇ. ಅದು ಐದು ತಿಂಗಳು ಕಣ್ಣೆದುರಿಗೇ ಇದ್ರೂ ಕಾಣದೆ ಕೂತಿದ್ದು ನಾನು. ಅಸಲಿ ಬೇಡ, ಅದಕ್ಕೆ ಯಾಕೆ ಕಟ್ಟಬೇಕು ಅಂದಿದ್ದು ನೀವು. ಈಗ ಮೂರು ಜನಕ್ಕೂ ಸಮನಾಗಿ ಬೈತೀರಾದ್ರೆ ಬೈರಿ, ಇಲ್ಲಾಂದ್ರೆ ಆ ಹುಡುಗನ್ನ ಪೊಟ್ಟಣ ಕಟ್ಟೋಕೆ ಬಿಡಿ."